ಇಂಥ ಹಾಡಿನ ಧಾಟಿ

1952ನೆಯ ಇಸವಿ ನವೆಂಬರ್ 14ರಂದು ಲಂಡನ್ನಿನ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಎಂಬ ಪತ್ರಿಕೆ ಒಂದು ಪುಟ್ಟ ಪಟ್ಟಿಯನ್ನು ಅಚ್ಚು ಮಾಡಿತು. ಆ ವಾರ ಬ್ರಿಟನ್ನಿನಲ್ಲಿ ಹೆಚ್ಚಾಗಿ ಮಾರಾಟವಾದ ಗ್ರಾಮಫೋನ್ ತಟ್ಟೆಗಳು ಯಾವುವು, ಅವುಗಳಲ್ಲಿ ಮೊದಲನೆಯದು ಯಾವುದು, ಎರಡನೆಯದು ಯಾವುದು ಎಂಬುದೇ ಆ ಪಟ್ಟಿಯ ವಿಷಯ. ಅದನ್ನು ಸಿದ್ಧಪಡಿಸಿದ ಬಗೆಯಲ್ಲಿ ಯಾವ ಶಾಸ್ತ್ರವೂ ಇರಲಿಲ್ಲ. ಪತ್ರಿಕೆಯ ಪರ್ಸಿ ಡಿಕಿನ್ಸ್ ಎಂಬವರು ಸುಮಾರು 20 ಅಂಗಡಿಗಳಿಗೆ ದೂರವಾಣಿಯಲ್ಲಿ ಕರೆ ಮಾಡಿ, ನಿಮ್ಮಲ್ಲಿ ಯಾವುದು ಚೆನ್ನಾಗಿ ಹೋಗುತ್ತಿದೆ ಎಂದು ಕೇಳಿ ಬರೆದುಕೊಂಡರು. ಮೊದಲ ಸ್ಥಾನ ಆಲ್ ಮಾರ್ಟಿನೊ ಎಂಬ ಅಮೆರಿಕದ ಗಾಯಕನಿಗೆ ದಕ್ಕಿತು. ಅಂದಿನಿಂದ ಇಂದಿನವರೆಗೆ ಆ ದೇಶದಲ್ಲಿ ಯಾರಾದರೂ ತಾವು ಹುಟ್ಟಿದ ವಾರದಲ್ಲಿ ಊರೆಲ್ಲ ಹಾಡುತ್ತಿದ್ದ ಹಾಡು ಯಾವುದೆಂದು ತಿಳಿಯಬೇಕಾದರೆ ಪಟ್ಟಿ ತೆರೆದು ನೋಡಬಹುದು.

ಇದಾದ ಮೂರು ವಾರದೊಳಗೆ, ಡಿಸೆಂಬರ್ 3ರಂದು, ರೇಡಿಯೋ ಸಿಲೋನಿನಲ್ಲಿ ‘ಬಿನಾಕಾ ಗೀತ್‌ಮಾಲಾ’ ಆರಂಭವಾಯಿತು. ಹಲ್ಲುಜ್ಜುವ ಪೇಸ್ಟಿನ ಹೆಸರು ಹೊತ್ತ ಈ ಕಾರ್ಯಕ್ರಮವನ್ನು ನಡೆಸಿದವರು ಅಮೀನ್ ಸಯಾನಿ. ಮೊದಮೊದಲು ಕೆಲವು ಹಾಡುಗಳನ್ನು ಕೇಳಿಸಿ, ಅವುಗಳನ್ನು ಶ್ರೇಣಿಯಾಗಿ ಜೋಡಿಸಿ ಕಳಿಸಿರೆಂದು ಕೇಳುಗರಿಗೇ ಹೇಳುತ್ತಿದ್ದರು. ಬಳಿಕ ತಟ್ಟೆಗಳ ಮಾರಾಟ ಮತ್ತು ಕೇಳುಗರ ಪತ್ರಗಳ ಆಧಾರದ ಮೇಲೆ ಹಾಡುಗಳಿಗೆ ಮೆಟ್ಟಿಲುಗಳನ್ನು ಗೊತ್ತು ಮಾಡತೊಡಗಿದರು. ಆ ಮೆಟ್ಟಿಲಿಗೆ ಅವರ ಮಾತಿನಲ್ಲಿ ‘ಪಾಯ್ದಾನ್’ ಎಂದು ಹೆಸರು. ಬುಧವಾರ ರಾತ್ರಿ ಎಂಟು ಗಂಟೆಗೆ ಹಿಂದಿಯ ಗಂಧವಿಲ್ಲದ ನಮ್ಮ ವಠಾರದಲ್ಲಿಯೂ ಈ ಒಂದು ಶಬ್ದ ಮಾತ್ರ ಎಲ್ಲರಿಗೂ ಗೊತ್ತಿತ್ತು. ಸಯಾನಿಯವರು 2024ರ ಫೆಬ್ರವರಿಯಲ್ಲಿ ತೀರಿಕೊಂಡಾಗ, ಅವರ ಭಾಷೆಯನ್ನು ಎಂದೂ ಕಲಿಯದ ನನ್ನ ವಯಸ್ಸಿನ ಎಷ್ಟೋ ಮಂದಿ ಮೈಸೂರಿಗರು ಮನೆಯ ಹಿರಿಯರೊಬ್ಬರು ಹೋದಂತೆ ಮಾತಾಡಿಕೊಂಡರು.

ಸಿಲೋನಿಗೆ ಈ ಭಾಗ್ಯ ಬಂದದ್ದಕ್ಕೆ ನಮ್ಮ ದೆಹಲಿಯೂ ಕಾರಣ. ಅದೇ 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಚಿತ್ರಗೀತೆಯೆಂದರೆ ಆಗದು. ದೇಶದ ಕಿವಿಯನ್ನು ಶಾಸ್ತ್ರೀಯ ಸಂಗೀತದಿಂದ ತಿದ್ದಬೇಕೆಂಬುದು ಅವರ ಸಂಕಲ್ಪ. ಸರ್ಕಾರಿ ನಿಲಯಗಳಲ್ಲಿ ಚಿತ್ರಗೀತೆಗಳ ಪ್ರಸಾರ ಬಹುಮಟ್ಟಿಗೆ ನಿಂತಿತು. ದೇಶದ ಕಿವಿ ಸಮುದ್ರ ದಾಟಿ ಕೊಲಂಬೋಗೆ ಹೋಯಿತು. ಐದು ವರ್ಷ ಕಳೆದು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭವಾದ ಮೇಲೆಯೇ ಅದು ಸ್ವಲ್ಪ ಸ್ವಲ್ಪವಾಗಿ ಮನೆಗೆ ಮರಳಿದ್ದು.

ಹಿಂದಿ ಹಾಡುಗಳಿಗೆ ಹೀಗೆ ವರ್ಷವರ್ಷದ ಲೆಕ್ಕ ಉಳಿದಿದೆ. ಕನ್ನಡಕ್ಕೆ? ಈಚೆಗೆ ನನ್ನ ಮೊಮ್ಮಗಳು ಕೇಳಿದಳು: “ತಾತ, ನೀವು ಚಿಕ್ಕವರಿದ್ದಾಗ ಕನ್ನಡದಲ್ಲಿ ನಂಬರ್ ಒನ್ ಹಾಡು ಯಾವುದು?” ನಾನು ಬಾಯಿ ತೆರೆಯುವ ಮುಂಚೆ ಅವಳೇ ಕೈಯಲ್ಲಿದ್ದ ಫೋನು ನೋಡಿ, ಇಂಥ ಹಾಡನ್ನು ಇಷ್ಟು ಕೋಟಿ ಮಂದಿ ನೋಡಿದ್ದಾರೆ, ಅಂದಮೇಲೆ ಅದೇ ಇರಬೇಕು ಎಂದು ತೀರ್ಮಾನ ಕೊಟ್ಟುಬಿಟ್ಟಳು. ಈ ತೀರ್ಮಾನವನ್ನು ಒಪ್ಪುವುದು ನನಗೆ ಸಾಧ್ಯವಾಗಲಿಲ್ಲ. ಇಂದು ಎಷ್ಟು ಮಂದಿ ಕೇಳುತ್ತಾರೆ ಎಂಬುದು ಇಂದಿನ ಸಮಾಚಾರ. 1967ರಲ್ಲಿಯೋ 1974ರಲ್ಲಿಯೋ ಮೈಸೂರಿನ ಬೀದಿಯಲ್ಲಿ ನಡೆದುಹೋಗುವವನ ಕಿವಿಗೆ ಮನೆಮನೆಯಿಂದಲೂ ಬೀಳುತ್ತಿದ್ದ ಹಾಡು ಯಾವುದು ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದರೆ ಸಾಕ್ಷ್ಯ ಬೇಕು. ನಮ್ಮ ಸಯ್ಯಾಜಿರಾವ್ ರಸ್ತೆಯ ಅಂಗಡಿಗಳಿಗೆ ವಾರವಾರವೂ ಕರೆ ಮಾಡಿ ಲೆಕ್ಕ ಬರೆದಿಟ್ಟ ಡಿಕಿನ್ಸರು ಯಾರೂ ಇರಲಿಲ್ಲ.

ಇದ್ದಿದ್ದರೂ ಆ ಲೆಕ್ಕದಿಂದ ಪ್ರಯೋಜನವಾಗುತ್ತಿರಲಿಲ್ಲ ಎಂದು ನನ್ನ ಅಭಿಪ್ರಾಯ. ತಟ್ಟೆ ಕೊಳ್ಳುವವರು ಎಷ್ಟು ಮಂದಿ? ಮೈಸೂರಿಗೂ ಗ್ರಾಮಫೋನಿಗೂ ನಂಟು ಹಳೆಯದು, ನಿಜ. ಜಯಚಾಮರಾಜ ಒಡೆಯರು ರಷ್ಯದ ನಿಕೊಲಾಯ್ ಮೆಟ್ನರ್ ಎಂಬ ವಾಗ್ಗೇಯಕಾರನ ಕೃತಿಗಳನ್ನು ಲಂಡನ್ನಿನಲ್ಲಿ ತಟ್ಟೆಗೆ ಹತ್ತಿಸಲು ಅರಮನೆಯಿಂದ ಹಣ ಕೊಟ್ಟವರು. ಆ ತಟ್ಟೆಗಳನ್ನು ಸಂಗೀತಜ್ಞರು ಇಂದೂ ಹುಡುಕುತ್ತಾರೆ. ಅರಮನೆಯ ಮಾತು ಹಾಗಿರಲಿ. ಅಗ್ರಹಾರ, ಚಾಮುಂಡಿಪುರಗಳ ವಠಾರಗಳಲ್ಲಿ ಗ್ರಾಮಫೋನ್ ಪೆಟ್ಟಿಗೆ ಇದ್ದ ಮನೆಯನ್ನು ಬೆರಳು ಮಡಿಸಿ ಎಣಿಸಬಹುದಿತ್ತು. ರೇಡಿಯೋ ಕೂಡ ವಠಾರಕ್ಕೊಂದು. ಅದಕ್ಕೆ ಪರವಾನಗಿ ಬೇಕು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಬೇಕು. ಒಂದು ಮನೆಯವರು ಶುಲ್ಕ ಕಟ್ಟುತ್ತಿದ್ದರು, ಎಂಟು ಮನೆಯವರು ಕೇಳುತ್ತಿದ್ದರು.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ‘ಆಕಾಶವಾಣಿ’ ಎಂಬ ಹೆಸರಿನಿಂದ ನಿಲಯವೊಂದನ್ನು ಕಟ್ಟಿದ ಊರು ನಮ್ಮದು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಾದ ‘ವಿಠ್ಠಲ ವಿಹಾರ’ದಲ್ಲಿಯೇ ಅದನ್ನು ಆರಂಭಿಸಿದರು. ಆ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಬಂದಿತು. ಆದರೆ 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು. ಎಪ್ಪತ್ತರ ದಶಕದ ನಡುವಿನವರೆಗೂ ಮೈಸೂರಿಗೆ ತನ್ನದೆಂಬ ದನಿ ಮರಳಲಿಲ್ಲ. ನಾನು ಹುಟ್ಟಿದ್ದು 1959ರಲ್ಲಿ. ಹೀಗಾಗಿ ನಮ್ಮ ತಲೆಮಾರಿನ ಬಾಲ್ಯ ಪೂರ್ತಿಯಾಗಿ ಪರಊರಿನ ದನಿಗಳಲ್ಲಿ ಕಳೆಯಿತು. ಬೆಂಗಳೂರು, ವಿವಿಧ ಭಾರತಿ, ಸಿಲೋನು. ಹಾಡುಗಳ ಧ್ವನಿಮುದ್ರಣವೂ ಆಗ ಹೆಚ್ಚಾಗಿ ಮದರಾಸಿನಲ್ಲಿ. ಶಿವರಾಂಪೇಟೆಯಲ್ಲಿ ಹುಟ್ಟಿದ ರಾಜನ್–ನಾಗೇಂದ್ರ ಸಹೋದರರ ಸಂಗೀತ ಶಿವರಾಂಪೇಟೆಗೆ ಬರಬೇಕಾದರೆ ಮದರಾಸನ್ನು ಸುತ್ತಿ ಬರಬೇಕಾಗಿತ್ತು! ಅವರ ತಂದೆ ರಾಜಪ್ಪನವರು ಮೂಕಿಚಿತ್ರಗಳ ಕಾಲದಲ್ಲಿ ಪರದೆಯ ಬಳಿ ಕುಳಿತು ವಾದ್ಯ ನುಡಿಸಿದವರು. ಅವರ ಮಕ್ಕಳು 1953ರ ‘ಸೌಭಾಗ್ಯಲಕ್ಷ್ಮಿ’ಯಿಂದ ಚಿತ್ರಸಂಗೀತಕ್ಕೆ ಇಳಿದರು. ಮಾತಿಲ್ಲದ ಚಿತ್ರಕ್ಕೆ ತಂದೆ ನಾದ ಕೊಟ್ಟರು. ಮಾತು ಬಂದ ಚಿತ್ರಕ್ಕೆ ಮಕ್ಕಳು ಕೊಟ್ಟರು.

ಹಾಗಾದರೆ ತಟ್ಟೆಗಳನ್ನು ನಿಜವಾಗಿ ಕೊಳ್ಳುತ್ತಿದ್ದವರು ಯಾರು? ಮೈಕ್‌ಸೆಟ್ಟಿನ ಅಂಗಡಿಯವರು. ಮದುವೆ, ಮುಂಜಿ, ಗಣೇಶೋತ್ಸವ, ರಾಮೋತ್ಸವ, ಚುನಾವಣೆ, ಎಲ್ಲಕ್ಕೂ ಧ್ವನಿವರ್ಧಕವನ್ನು ಬಾಡಿಗೆಗೆ ಕೊಡುವವರು ಇವರು. ಮರದ ಕೊಂಬೆಗೆ ದತ್ತೂರಿ ಹೂವಿನಾಕಾರದ ಲೋಹದ ಕಹಳೆಯನ್ನು ಕಟ್ಟಿ, ಕೆಳಗೆ ಆಹೂಜಾ ಪೆಟ್ಟಿಗೆಯ ಮುಂದೆ ಒಬ್ಬ ಹುಡುಗ ಕುಳಿತರೆ ಅಂದಿನ ಇಡೀ ಬೀದಿಯ ಮನೋಧರ್ಮ ಅವನ ಕೈಯಲ್ಲಿ. 78 ಸುತ್ತಿನ ತಟ್ಟೆಯ ಒಂದು ಮೈಗೆ ಮೂರು ನಿಮಿಷಕ್ಕಿಂತ ಹೆಚ್ಚು ಹಾಡು ಹಿಡಿಯುವುದು ಕಷ್ಟ. ಮುಗಿದೊಡನೆ ಎತ್ತಬೇಕು, ಮಗುಚಬೇಕು, ಮುಳ್ಳು ಬದಲಿಸಬೇಕು. ಎಪ್ಪತ್ತರ ಸುಮಾರಿಗೆ ಆ ಅರಗಿನ ತಟ್ಟೆಗಳ ಕಾಲ ಮುಗಿದು 45 ಸುತ್ತಿನ ಚಿಕ್ಕ ತಟ್ಟೆಗಳು ಬಂದವು. ಇಂಗ್ಲೆಂಡಿನಲ್ಲಿ ಚಿಕ್ಕ ತಟ್ಟೆಯೆಂದರೆ ಒಂದೇ ಹಾಡಿನ ಹೆಸರಿನಲ್ಲಿ ಮಾರುವ ವಸ್ತು; ನಮ್ಮ ಚಿತ್ರಗಳ ತಟ್ಟೆಯಲ್ಲಿ ಸಾಮಾನ್ಯವಾಗಿ ನಾಲ್ಕು ಹಾಡು. ನಾಲ್ಕರಲ್ಲಿ ಯಾವುದಕ್ಕಾಗಿ ಜನ ಅದನ್ನು ಕೊಂಡರೆಂದು ಅಂಗಡಿಯ ರಸೀತಿ ಹೇಳಲಾರದು. ನಮ್ಮ ಬೀದಿಯ ಕೊನೆಯಲ್ಲಿದ್ದ ಮೈಕ್‌ಸೆಟ್ಟಿನ ಯಜಮಾನರು ಮಾತ್ರ ಹೇಳಬಲ್ಲವರಾಗಿದ್ದರು. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಕಪ್ಪು ಹೋಗಿ ಬೂದು ಬಣ್ಣಕ್ಕೆ ತಿರುಗಿದ ಪಟ್ಟಿಯೊಂದು ಕಾಣುತ್ತಿತ್ತು. “ಇದೇ ನೋಡಿ ಸ್ವಾಮಿ, ಜನ ತಿಂದಿರೋ ಹಾಡು” ಎನ್ನುತ್ತಿದ್ದರು. ಅವರ ಅಂಗಡಿ ಎಂದೋ ಮುಚ್ಚಿತು. ತಟ್ಟೆಗಳು ಗುಜರಿಗೆ ಹೋದವು.

ಇನ್ನು ಹಾಡಿನ ಪುಸ್ತಕಗಳು. ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ನಾಲ್ಕು ಹಾಳೆಯ ಆ ಪುಸ್ತಕದಲ್ಲಿ ಕಥಾಸಾರಾಂಶ ಇರುತ್ತಿತ್ತು. ನಾಯಕಿ ಸಂಕಟಕ್ಕೆ ಸಿಕ್ಕ ಕೂಡಲೇ ಸಾರಾಂಶ ನಿಂತು, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂದು ಹೇಳಿ ಕೈತೊಳೆದುಕೊಳ್ಳುತ್ತಿತ್ತು. ಹಿಂದೆಯೇ ಹಾಡುಗಳು. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ, ಕಣಗಾಲ್ ಪ್ರಭಾಕರ ಶಾಸ್ತ್ರಿ, ಹುಣಸೂರು ಕೃಷ್ಣಮೂರ್ತಿ, ಈ ಹೆಸರುಗಳನ್ನು ನಾನು ಪಂಪ, ರನ್ನರ ಹೆಸರಿಗಿಂತ ಮೊದಲು ಓದಿದ್ದು ಇಂಥ ಪುಸ್ತಕಗಳಲ್ಲಿ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಎಂ.ಎ. ತರಗತಿಯಲ್ಲಿ ಓದುವಾಗ ಪಾಠಾಂತರವೆಂದರೇನೆಂದು ನನಗೆ ಹೊಸದಾಗಿ ತಿಳಿಯಬೇಕಾಗಿರಲಿಲ್ಲ. ಪುಸ್ತಕದಲ್ಲಿದ್ದ ಚರಣ ತಟ್ಟೆಯಲ್ಲಿ ಇಲ್ಲ, ತಟ್ಟೆಯಲ್ಲಿದ್ದ ಶಬ್ದ ತೆರೆಯ ಮೇಲೆ ಬೇರೆ! ಈ ಮೂರರಲ್ಲಿ ಕವಿಯ ಪಾಠ ಯಾವುದೆಂದು ನಾವು ಹುಡುಗರು ಜಗಲಿಯ ಮೇಲೆ ಕುಳಿತು ಮಾಡಿದ ವಾದಗಳು ಯಾವ ವಿದ್ವದ್ಗೋಷ್ಠಿಗೂ ಕಡಿಮೆಯವಲ್ಲ.

ಆದರೆ ಅಚ್ಚಾದ ಹಾಡಿನ ಪುಸ್ತಕವೂ ಹಾಡು ಇತ್ತೆಂದು ಹೇಳುತ್ತದೆಯೇ ಹೊರತು ಜನ ಅದನ್ನು ಹಾಡಿದರೆಂದು ಹೇಳುವುದಿಲ್ಲ. ಅದಕ್ಕೆ ನಮ್ಮಲ್ಲಿ ಬೇರೊಂದು ದಾಖಲೆಯಿದೆ. ಅದು ಕಣ್ಣೆದುರಿಗೇ ಇದ್ದರೂ ಯಾರೂ ಅದನ್ನು ಆ ದೃಷ್ಟಿಯಿಂದ ನೋಡಿಲ್ಲವೆಂದು ತೋರುತ್ತದೆ. ನಿಮ್ಮ ಮನೆಯ ಅಟ್ಟದಲ್ಲಿ ತಾಯಿಯೋ ಅಜ್ಜಿಯೋ ಬರೆದಿಟ್ಟ ಹಾಡಿನ ನೋಟುಬುಕ್ಕು ಇದ್ದರೆ ತೆಗೆದು ನೋಡಿ. ಗೌರಿಯ ಹಾಡು, ಆರತಿಯ ಹಾಡು, ಹಸೆಗೆ ಕರೆಯುವ ಹಾಡು, ಬೀಗರ ಹಾಡು. ಹಾಡಿನ ನೆತ್ತಿಯ ಮೇಲೆ, ಬಲಗಡೆ, ಸಣ್ಣ ಅಕ್ಷರದಲ್ಲಿ ಒಂದು ಮಾತು ಇರುತ್ತದೆ: ‘ಇಂಥ ಹಾಡಿನ ಧಾಟಿ’.

ಈ ಪದ್ಧತಿ ಹೊಸದಲ್ಲ. 1880ರ ದಶಕದಲ್ಲಿ ಸಾಂಗ್ಲಿಯ ನಾಟಕ ಮಂಡಳಿ ಬಂದುಹೋದ ಬಳಿಕ ಮೈಸೂರಿನಲ್ಲಿ ರಂಗಗೀತೆಯ ಒಂದು ಯುಗವೇ ಆರಂಭವಾಯಿತಷ್ಟೆ. ಅಂದಿನಿಂದ ಬಂದ ಕಂಪನಿ ನಾಟಕದ ಹಾಡಿನ ಪುಸ್ತಕಗಳಲ್ಲಿ ರಾಗತಾಳಗಳ ಜೊತೆಗೆ ‘ಇಂಥದರ ಮಟ್ಟು’ ಎಂದು ಅಚ್ಚು ಹಾಕುವುದು ವಾಡಿಕೆ. ಮಟ್ಟು ಎಂದರೂ ಅದೇ, ಧಾಟಿ ಎಂದರೂ ಅದೇ. ಹೊಸ ಮಾತಿಗೆ ಗೊತ್ತಿರುವ ಸ್ವರ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಧಾಟಿಯನ್ನು ಸೂಚಿಸುವವರು ಓದುವವರಿಗೆ ಆ ಮೂಲದ ಹಾಡು ಬರುತ್ತದೆಂದು ನಂಬಿಯೇ ಸೂಚಿಸುತ್ತಾರೆ. ಸ್ವರಲಿಪಿ ಬೇಡ, ಗುರು ಬೇಡ; ಹಾಡಿನ ಹೆಸರು ಹೇಳಿದರೆ ಸಾಕು, ಕೇರಿಯ ಹೆಂಗಸರೆಲ್ಲ ಒಟ್ಟಾಗಿ ಹಾಡುತ್ತಾರೆ. ಒಂದು ಹಾಡು ಜನದ ಬಾಯಲ್ಲಿತ್ತೆನ್ನುವುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕೆ? ಅಂಗಡಿಯಲ್ಲಿ ತಟ್ಟೆ ಕೊಂಡವನು ಅದನ್ನು ಕೇಳದೆಯೂ ಇರಬಹುದು. ಧಾಟಿ ಬಲ್ಲವಳು ಕೇಳಿಯೇ ಇರಬೇಕು, ಅದೂ ಹತ್ತು ಸಲ.

ನನ್ನ ತಾಯಿಯವರ ನೋಟುಬುಕ್ಕು ನನ್ನ ಬಳಿ ಇದೆ. ಹಬ್ಬಕ್ಕೋ ಮದುವೆಗೋ ಬರೆದುಕೊಂಡ ಹಾಡಾದ್ದರಿಂದ ಅನೇಕ ಕಡೆ ಇಸವಿಯೂ ಇದೆ. ಮೊದಲ ಪುಟಗಳಲ್ಲಿ ಧಾಟಿಗಳೆಲ್ಲ ದೇವರನಾಮಗಳವು, ಕಂಪನಿ ನಾಟಕಗಳವು, ಪಿ. ಕಾಳಿಂಗರಾಯರ ತಟ್ಟೆಗಳ ಒಂದೆರಡು. ಕಾಳಿಂಗರಾಯರು ಸೋಹನ್‌ಕುಮಾರಿ, ಮೋಹನ್‌ಕುಮಾರಿಯರೊಡನೆ ಹಾಡಿದ ಗೀತೆಗಳು ಕವಿಗಳ ಸಾಲನ್ನು ಅಡಿಗೆಮನೆಗೆ ತಂದವೆಂಬುದು ಎಲ್ಲರೂ ಬಲ್ಲ ಮಾತು. ಮುಂದೆ ಒಂದು ನಾಗರಪಂಚಮಿಯ ಹಾಡು. ಅದರ ಮೇಲೆ ‘ನಾಗಿನ್ ಧಾಟಿ’. ಹೇಮಂತ ಕುಮಾರರ ಸಂಗೀತವಿದ್ದ 1954ರ ಆ ಹಿಂದಿ ಚಿತ್ರದ ಪುಂಗಿಯ ನಾದಕ್ಕೆ ದೇಶವೇ ತಲೆದೂಗಿತ್ತು. ಹಿಂದಿ ಬಾರದ ಮೈಸೂರಿನ ಗೃಹಿಣಿ ಆ ನಾದವನ್ನು ಹುತ್ತಕ್ಕೆ ಹಾಲೆರೆಯುವ ಹಾಡಿಗೆ ತಂದು ಜೋಡಿಸಿದ್ದು ಎಷ್ಟು ಉಚಿತವಾಗಿದೆ! ಅರವತ್ತರ ದಶಕ ಮುಂದುವರಿದಂತೆ ಕನ್ನಡ ಚಿತ್ರಗೀತೆಗಳ ಧಾಟಿ ಹೆಚ್ಚುತ್ತ ಹೋಗುತ್ತದೆ. ಎಪ್ಪತ್ತರ ಹೊತ್ತಿಗೆ ಬೇರೆಯವು ಅಪರೂಪ.

ಇದಕ್ಕೆ ಎದುರಾದ ವ್ಯವಹಾರವೂ ನಡೆದಿತ್ತೆಂಬುದನ್ನು ಮರೆಯಬಾರದು. 1960ರ ‘ಭಕ್ತ ಕನಕದಾಸ’ ಚಿತ್ರದಲ್ಲಿ ಪಿ.ಬಿ. ಶ್ರೀನಿವಾಸರು ರಾಜಕುಮಾರರಿಗಾಗಿ ಕನಕದಾಸರ ಕೀರ್ತನೆಗಳನ್ನು ಹಾಡಿದರು. ಕಾಕಿನಾಡದಲ್ಲಿ ಹುಟ್ಟಿದ ತೆಲುಗರ ಮಗ ನಮ್ಮ ದಾಸರನ್ನು ಹಾಡಿದ ಬಗೆ ಎಂಥದೆಂದರೆ, ಇಂದು ಆ ಕೀರ್ತನೆಗಳನ್ನು ಹಾಡುವ ಎಷ್ಟೋ ಮಂದಿ ದಾಸರೇ ಅದನ್ನು ಹಾಗೆ ಹಾಡಿಹೋದರೆಂದು ಭಾವಿಸಿದ್ದಾರೆ. ಜನ ಹಳೆಯ ಸ್ವರಕ್ಕೆ ಹೊಸ ಮಾತು ಕೂಡಿಸಿದರೆ, ಸಿನಿಮಾ ಹಳೆಯ ಮಾತಿಗೆ ಹೊಸ ಸ್ವರ ಕೂಡಿಸಿತು.

1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂತು. ಪಿ.ಬಿ. ಧುತ್ತರಗಿಯವರ ನಾಟಕದಿಂದ ಮಾಡಿದ ಚಿತ್ರ, ಜಿ.ಕೆ. ವೆಂಕಟೇಶರ ಸಂಗೀತ. ರಾಜಕುಮಾರರು ಎಮ್ಮೆಯ ಮೇಲೆ ಕುಳಿತು ಹಾಡುವ ಹಾಡೊಂದು ಅದರಲ್ಲಿದೆ. ಬರೆದವರು ಚಿ. ಉದಯಶಂಕರ್. ಹಾಡಿದವರು ಯಾರು? ಸ್ವತಃ ರಾಜಕುಮಾರರು. ನಾಟಕ ಕಂಪನಿಯಲ್ಲಿ ಹಾಡಿ ಬೆಳೆದ ನಟ ತೆರೆಯ ಮೇಲೆ ಇಪ್ಪತ್ತು ವರ್ಷ ಬಹುಮಟ್ಟಿಗೆ ಇನ್ನೊಬ್ಬರ ಕಂಠಕ್ಕೆ ತುಟಿಯಾಡಿಸಿದ್ದರು. ಆ ಕಂಠ ಶ್ರೀನಿವಾಸರದು, ಬಲು ಮಧುರವಾದುದು. ಈಗ ಇದ್ದಕ್ಕಿದ್ದಂತೆ ತೆರೆಯ ಮೇಲಿನ ಬಾಯಿಯೂ ಕಿವಿಗೆ ಬಿದ್ದ ದನಿಯೂ ಒಂದಾದವು. ಜನಕ್ಕೆ ಹುಚ್ಚು ಹಿಡಿಯಿತು. ಅಲ್ಲಿಂದ ಮುಂದೆ ತಮ್ಮ ಪಾತ್ರಗಳಿಗೆ ಅವರೇ ಹಾಡತೊಡಗಿದರು. ಒಂದು ಎಮ್ಮೆಯ ಸವಾರಿ ಕನ್ನಡ ಚಿತ್ರಗಾಯನದ ದಿಕ್ಕನ್ನೇ ತಿರುಗಿಸಿತು. ಆ ಹಾಡನ್ನು ಯಾರೂ ಅದರ ಸಾಲಿನಿಂದ ಕರೆಯುತ್ತಿರಲಿಲ್ಲ. ‘ಎಮ್ಮೆ ಹಾಡು’ ಎಂದರೆ ಸಾಕಾಗಿತ್ತು.

ತಾಯಿಯವರ ಪುಸ್ತಕದಲ್ಲಿ 1975ರ ಬೇಸಿಗೆಯಲ್ಲಿ ನಡೆದ ಸೋದರತ್ತೆಯ ಮಗಳ ಮದುವೆಗೆಂದು ಬರೆದ ಒಂದು ಬೀಗರ ಹಾಡಿದೆ. ಮಾತುಗಳಲ್ಲಿ ಲವಲೇಶವೂ ಕುಂದಿಲ್ಲ. ಬೀಗರು ಬಂದರು, ಗಾಂಭೀರ್ಯದಿಂದ ಬಂದರು, ಮಂದಗಮನದಿಂದ ಬಂದರು ಎಂದೆಲ್ಲ ಹೊಗಳಿಕೆ. ಮೇಲೆ ಮಾತ್ರ ಒಂದೇ ಶಬ್ದ: ‘ಎಮ್ಮೆ’. ಛತ್ರದಲ್ಲಿ ಹೆಂಗಸರು ಪಲ್ಲವಿ ಎತ್ತಿದೊಡನೆ ನಮ್ಮ ಕಡೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಗಂಡಿನ ಕಡೆಯವರು ಸಿಟ್ಟಾಗುವಂತಿಲ್ಲ, ಏಕೆಂದರೆ ಹಾಡಿನಲ್ಲಿ ಆಕ್ಷೇಪಿಸತಕ್ಕ ಪದವೇ ಇಲ್ಲ. ವಾಚ್ಯಾರ್ಥ ಸ್ತುತಿ, ಧಾಟಿಯಿಂದ ಹೊರಡುವ ಅರ್ಥ ನಿಂದೆ. ಆನಂದವರ್ಧನನ ಧ್ವನಿಯನ್ನು ನಾನು ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದೇನೆ. ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ದೊರೆಯಲಿಲ್ಲ. ಒಂದು ಹಾಡು ಊರಿಗೆ ಎಷ್ಟು ಚೆನ್ನಾಗಿ ಗೊತ್ತಿದ್ದರೆ ಇಂಥ ತಮಾಷೆ ಫಲಿಸಬೇಕು, ಯೋಚಿಸಿ. ಛತ್ರದಲ್ಲಿ ಒಬ್ಬರಿಗೆ ಎಮ್ಮೆ ಹಾಡು ಗೊತ್ತಿಲ್ಲದಿದ್ದರೂ ಅಷ್ಟರ ಮಟ್ಟಿಗೆ ನಗೆ ಕಡಿಮೆಯಾಗುತ್ತಿತ್ತು. ಆದ್ದರಿಂದ 1974–75ರ ಮೈಸೂರಿನಲ್ಲಿ ಮೊದಲ ಮೆಟ್ಟಿಲಿನ ಹಾಡು ಯಾವುದೆಂದು ಕೇಳಿದರೆ ನಾನು ಅಳುಕದೆ ಎಮ್ಮೆಯ ಪರವಾಗಿ ಸಾಕ್ಷಿ ಹೇಳುತ್ತೇನೆ.

ಈ ಅಳತೆಗೋಲಿಗೆ ಒಂದು ಮಿತಿಯೂ ಉಂಟು. 1967ರ ‘ಬೆಳ್ಳಿ ಮೋಡ’ ನಮ್ಮ ಊರಿನ ತ್ರಿವೇಣಿಯವರ ಕಾದಂಬರಿ; ಪಿರಿಯಾಪಟ್ಟಣದ ಕಡೆಯ ಕಣಗಾಲಿನ ಪುಟ್ಟಣ್ಣನವರ ನಿರ್ದೇಶನ. ಚಿತ್ರ ಬರುವ ಹೊತ್ತಿಗೆ ತ್ರಿವೇಣಿಯವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬೇಂದ್ರೆಯವರ ‘ಬೆಳಗು’ ಕವಿತೆಗೆ ವಿಜಯಭಾಸ್ಕರ್ ಅವರು ಸ್ವರ ಕೂಡಿಸಿ ಎಸ್. ಜಾನಕಿಯವರಿಂದ ಹಾಡಿಸಿದರು. ಅದನ್ನು ಕೇಳಿ ಮೆಚ್ಚದವರನ್ನು ನಾನು ಕಂಡಿಲ್ಲ. ಆದರೆ ತಾಯಿಯವರ ಪುಸ್ತಕದಲ್ಲಿ ಆ ಧಾಟಿಯ ಹಾಡು ಒಂದೂ ಇಲ್ಲ. ಅನಂತರ ನಾನು ನೋಡಿದ ನೆಂಟರಿಷ್ಟರ ಪುಸ್ತಕಗಳಲ್ಲಿಯೂ ಇಲ್ಲ. ಜನಕ್ಕೆ ಹಿಡಿಸಲಿಲ್ಲವೆಂದಲ್ಲ, ಆ ಸ್ವರವನ್ನು ಆ ಮಾತಿನಿಂದ ಬಿಡಿಸಿಕೊಳ್ಳುವ ಧೈರ್ಯ ಯಾರಿಗೂ ಬರಲಿಲ್ಲವೆಂದು ನನ್ನ ಊಹೆ. ಬೇಂದ್ರೆಯವರ ಶಬ್ದವನ್ನು ತೆಗೆದು ಅಲ್ಲಿ ಹೂರಣದ ಹೋಳಿಗೆಯನ್ನು ಕೂರಿಸುವುದು ಹೇಗೆ? ಕೆಲವು ಹಾಡುಗಳನ್ನು ಜನ ಕೇಳುತ್ತಾರೆ, ಕೆಲವನ್ನು ಬಳಸುತ್ತಾರೆ. ಧಾಟಿಯ ಲೆಕ್ಕ ಹೇಳುವುದು ಎರಡನೆಯದನ್ನು ಮಾತ್ರ.

ಮೊಮ್ಮಗಳ ಫೋನು ತೋರಿಸುವುದು ಇವೆರಡೂ ಅಲ್ಲದ ಮೂರನೆಯದನ್ನು. 1973ರ ‘ಗಂಧದ ಗುಡಿ’ಯನ್ನು ತೆಗೆದವರು ನಮ್ಮ ಊರಿನ ಗರಡಿಯಲ್ಲಿ ಪಳಗಿದ ಎಂ.ಪಿ. ಶಂಕರ್, ಸಂಗೀತ ರಾಜನ್–ನಾಗೇಂದ್ರ. ಕನ್ನಡ ನುಡಿಯನ್ನೂ ಕಾಡನ್ನೂ ಕೊಂಡಾಡುವ ಅದರ ಹಾಡು ರಾಜ್ಯೋತ್ಸವಕ್ಕೆ ಸೇರಿಕೊಂಡಿತು. ಪ್ರತಿ ನವೆಂಬರಿನಲ್ಲಿಯೂ ಶಾಲೆಯ ಮಕ್ಕಳು ಅದಕ್ಕೆ ಮರುಹುಟ್ಟು ಕೊಡುತ್ತಾರೆ. ಬಿಡುಗಡೆಯಾದ ವರ್ಷದಲ್ಲಿಯೂ ಅದು ಜನಪ್ರಿಯವಾಗಿತ್ತು, ಸಂದೇಹವಿಲ್ಲ. ಆದರೆ ಹಬ್ಬ ಸಿಕ್ಕಿದ ಹಾಡು ಬಾಳುತ್ತದೆ; ಹಬ್ಬ ಸಿಗದ ಹಾಡು, ತನ್ನ ವರ್ಷದಲ್ಲಿ ಎಷ್ಟೇ ಮೆರೆದಿರಲಿ, ಮರೆಯಾಗುತ್ತದೆ. ಇಂದಿನ ಕೋಟಿಗಳನ್ನು ನೋಡಿ ಅಂದಿನ ಚರಿತ್ರೆ ಬರೆದರೆ ಉಳಿದವರೇ ಎಂದೆಂದಿನ ಅರಸರೆಂದು ಬರೆದಂತಾಗುತ್ತದೆ.

ಕನ್ನಡ ವಿಭಾಗಗಳಲ್ಲಿ ಇದರ ಮಾತು ಏಕೆ ನಡೆಯಲಿಲ್ಲ? ಮಾನಸಗಂಗೋತ್ರಿಯಲ್ಲಿ ಜೀ.ಶಂ. ಪರಮಶಿವಯ್ಯನವರಂಥವರು ಧ್ವನಿಮುದ್ರಣ ಯಂತ್ರ ಹೊತ್ತು ಹಳ್ಳಿಗಳಿಗೆ ಹೋಗಿ ಜನಪದ ಗೀತೆಗಳನ್ನು ಸಂಗ್ರಹಿಸಿದ್ದು ದೊಡ್ಡ ಕೆಲಸ. ಆ ಉಪಕಾ­ರವನ್ನು ಕನ್ನಡ ಮರೆಯಲಾರದು. ಆದರೆ ಜನಪದವನ್ನು ಅರಸುವವರಿಗೆ ಬೇಕಾದದ್ದು ಸಿನಿಮಾ ಸೋಂಕದ ಹಾಡು. ರಾಗಿ ಬೀಸುವ ಪದ ಹಾಡಿದ ತಾಯಿಯೇ ಸಂಜೆ ಚಿತ್ರಗೀತೆಯ ಧಾಟಿಯಲ್ಲಿ ಮಾದಪ್ಪನ ಹಾಡನ್ನು ಹಾಡಿದರೆ ಯಂತ್ರವನ್ನು ನಿಲ್ಲಿಸುವುದೇ ರೂಢಿ. ಎಂಬತ್ತರ ದಶಕದಲ್ಲಿ ವಿದ್ಯಾರ್ಥಿನಿಯೊಬ್ಬಳು ಇಂಥ ಧಾಟಿಯ ಹಾಡುಗಳನ್ನು ಕುರಿತು ಪ್ರಬಂಧ ಬರೆಯುತ್ತೇನೆಂದು ಅರ್ಜಿ ಕೊಟ್ಟಾಗ ಒಂದು ಸಮಿತಿ ನಕ್ಕು, ಅವಳಿಗೆ ಷಟ್ಪದಿಯ ವಿಷಯವೊಂದನ್ನು ಕೊಟ್ಟು ಕಳಿಸಿದ್ದನ್ನು ನಾನು ಬಲ್ಲೆ. ಯಾವ ಊರಿನ ಸಮಿತಿಯೆಂಬುದು ಬೇಡ. ಷಟ್ಪದಿಯೂ ಒಂದು ಕಾಲದಲ್ಲಿ ಧಾಟಿಯೇ ಅಲ್ಲವೆ?

ಕ್ಯಾಸೆಟ್ಟು ಬಂದಮೇಲೆ ಕಥೆಯೇ ಬೇರೆ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸಂಗೀತ ಕೊಟ್ಟ ‘ನಿತ್ಯೋತ್ಸವ’ ಮನೆಮನೆಗೂ ಹೋಯಿತು. ಒಬ್ಬರು ಕೊಂಡದ್ದನ್ನು ಹತ್ತು ಮಂದಿ ನಕಲು ಮಾಡಿಕೊಂಡರು. ಬರೆದುಕೊಳ್ಳುವ ಅವಶ್ಯಕತೆಯೇ ತಪ್ಪಿತು. ತಾಯಿಯವರ ಪುಸ್ತಕವೂ 1983ಕ್ಕೆ ನಿಂತಿದೆ.

ಕಳೆದ ವರ್ಷ ಕುಳಿತು ಆ ಪುಸ್ತಕದ ಧಾಟಿಗಳನ್ನೆಲ್ಲ ಒಂದು ಹಾಳೆಯಲ್ಲಿ ಇಳಿಸಿಕೊಂಡೆ. ಬಹುಪಾಲು ಪತ್ತೆಯಾದವು, ಕೆಲವನ್ನು ನನ್ನ ಅಕ್ಕ ದೂರವಾಣಿಯಲ್ಲಿ ಗುನುಗಿ ಗುರುತಿಸಿಕೊಟ್ಟಳು. ಐದು ಉಳಿದಿವೆ. ಅವುಗಳಲ್ಲಿ ಒಂದು 1969ರ ಸ್ವರ್ಣಗೌರಿಯ ಆರತಿ ಹಾಡು, ಐದು ನುಡಿಯದು, ಬಹಳ ಸೊಗಸಾಗಿದೆ. ಮೇಲೆ ಬರೆದಿರುವುದು ಇಷ್ಟೆ: ‘ಮಹಡಿ ಮನೆಯವರ ರೇಡಿಯೋದಲ್ಲಿ ದಿನಾ ಬರುವ ಹಾಡಿನ ಧಾಟಿ’. ದಿನಾ ಬರುತ್ತಿದ್ದುದರಿಂದ ಹೆಸರು ಬರೆಯುವ ಅಗತ್ಯ ಅವರಿಗೆ ಕಾಣಲಿಲ್ಲ. ಮಹಡಿ ಮನೆಯವರು ಊರು ಬಿಟ್ಟು ಬಹಳ ಕಾಲವಾಯಿತು. ಅಕ್ಕನಿಗೆ ಮಾತುಗಳೆಲ್ಲ ಬಾಯಿಪಾಠವಿವೆ. ಸ್ವರ ಮಾತ್ರ ಬರುತ್ತಿಲ್ಲ.